ಕಸ್ತೂರಿಯ ಮಾತಿಗೆ ‘ಹ್ಞೂಂ’ ಅಂದವನು

ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡುವ ಅನುಕೂಲ ಬಂದಮೇಲೆ ನಿಡೋಣಿಯ ಶಿವಲಿಂಗನಿಗೆ ಹೊಲದ ಓಡಾಟ ಕಡಿಮೆಯಾಗಿತ್ತು. ಕೂತಲ್ಲೇ ಬೆರಳು ಒತ್ತಿದರೆ ಸಾಕು, ಬೋರಿನ ನೀರು ದ್ರಾಕ್ಷಿ ತೋಟಕ್ಕೆ ಹರಿಯುತ್ತಿತ್ತು. ಒಳ್ಳೆಯದೇ. ಆದರೆ ಮೋಟಾರಿಗೆಂದು ಕೈಗೆ ಬಂದ ಮೊಬೈಲು ಆಮೇಲೆ ಕೈ ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೂ ರೀಲ್ಸು, ಬೇವಿನ ಗಿಡದ ಕೆಳಗೆ ಅಡ್ಡಾದರೂ ರೀಲ್ಸು.

ಅವತ್ತು ಬೆಳಿಗ್ಗೆ ಹೆಂಡತಿ ಕಸ್ತೂರಿ ಎದುರಿಗೇ ನಿಂತು ಹೇಳಿದಳು: “ರೀ, ಡ್ರಿಪ್ಪಿನ ಫಿಲ್ಟರಿನಾಗ ಕಸ ತುಂಬೈತಿ, ಬಿಚ್ಚಿ ತೊಳ್ಯಾಕ ಹೊಂಟೇನಿ. ನಾ ಬರೂತನಕಾ ಮೋಟಾರ್ ಹಾಕಬ್ಯಾಡ್ರಿ.”

“ಹ್ಞೂಂ,” ಅಂದ ಶಿವಲಿಂಗ. ಕಣ್ಣು ಮೊಬೈಲಿನಲ್ಲಿತ್ತು.

ಸ್ವಲ್ಪ ಹೊತ್ತಿಗೆ ಕರೆಂಟು ಬಂದ ಸಂದೇಶ ಬಂತು. ತಲೆ ಎತ್ತದೆಯೇ ಬೆರಳು ಒತ್ತಿ ಮೋಟಾರು ಚಾಲೂ ಮಾಡಿ ಮತ್ತೆ ರೀಲ್ಸಿಗೆ ಮರಳಿದ. ಅಷ್ಟರಲ್ಲಿ ಮನೆ ಪಕ್ಕದ ತೋಟದ ಕಡೆಯಿಂದ ಕಸ್ತೂರಿ ಚೀರಿದಳು.

ಶಿವಲಿಂಗ ಓಡಿ ಹೋಗಿ ನೋಡಿದ. ಅರ್ಧ ಸಡಿಲಿಸಿದ್ದ ಫಿಲ್ಟರಿನ ಮುಚ್ಚಳ ನೀರಿನ ಒತ್ತಡಕ್ಕೆ ಹಾರಿ ಅವಳ ಹುಬ್ಬಿಗೆ ಬಡಿದಿತ್ತು. ಮುಖದ ತುಂಬ ರಕ್ತ. ಕಣ್ಣೇ ಹೋಯಿತೆಂದು ತಿಳಿದ ಶಿವಲಿಂಗ ಹೆಗಲ ಟವೆಲನ್ನು ಗಾಯಕ್ಕೆ ಒತ್ತಿ ಹಿಡಿದು ಅವಳನ್ನು ಗಾಡಿ ಹತ್ತಿಸಿದ.

ಬಬಲೇಶ್ವರದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. “ಒಂದು ಬೆರಳಷ್ಟು ಕೆಳಗ ಬಡದಿದ್ರ ಕಣ್ಣು ಉಳೀತಿರಲಿಲ್ಲ,” ಎಂದರು ಡಾಕ್ಟರು.

ಇಷ್ಟಾದರೂ ಮನೆಗೆ ಬಂದೊಡನೆ ಶಿವಲಿಂಗ ಹೆಂಡತಿಯ ಮೇಲೇ ರೇಗಿದ. “ಒಂದ ಮಾತ ಹೇಳಿ ಹೋಗಬಾರದೇನ ನೀ?”

ಕಸ್ತೂರಿ ದಂಗಾಗಿ ಅವನನ್ನೇ ನೋಡಿದಳು. “ನಿಮ್ಮ ಮುಂದ ನಿಂತು ಹೇಳೇನಿ. ನೀವು ಹ್ಞೂಂ ಅಂದೀರಿ.”

“ನಾನಾ? ಯಾವಾಗ?”

“ನಾನೂ ಅಲ್ಲೇ ಕುಂತಿದ್ನಲ್ಲೋ,” ಅಂದಳು ಶಿವಲಿಂಗನ ತಾಯಿ ಮುದುಕವ್ವ. “ಅಂದಿ, ಯಪ್ಪಾ. ನನ್ನ ಕಿವೀಲೆ ಕೇಳೇನಿ.”

ಶಿವಲಿಂಗನಿಗೆ ಅದು ನೆನಪೇ ಇರಲಿಲ್ಲ. ರಕ್ತ ನೋಡಿದ್ದಕ್ಕಿಂತ ಹೆಚ್ಚು ಗಾಬರಿ ಈಗಾಯಿತು.

ಸಂಜೆ ಗಾಯ ವಿಚಾರಿಸಲು ಬಂದ ಆಶಾ ಕಾರ್ಯಕರ್ತೆ ಬಾನುಬಿ ನಡೆದದ್ದನ್ನೆಲ್ಲ ಕೇಳಿ ಶಿವಲಿಂಗನಿಗೆ ಹೇಳಿದಳು: “ಅಣ್ಣಾ, ನಿನ್ನ ಕಿವಿ ಚಲೋ ಅದಾವ. ಮನಸ್ಸು ಮೊಬೈಲಿನಾಗಿದ್ರ ಮಾತು ಕಿವ್ಯಾಗ ಬಿದ್ದರೂ ತಲ್ಯಾಗ ಕುಂದರೂದಿಲ್ಲ. ನಿದ್ದಿ ಹ್ಯಾಂಗ ಬರತೈತಿ?”

“ನಿದ್ದಿ ಎಲ್ಲೀದವಾ? ಕಣ್ಣು ಉರೀತಾವ, ತಲಿ ಜಡ. ಆದ್ರ ಮೋಟಾರ್ ಇದರಾಗ, ಒಣದ್ರಾಕ್ಷಿ ರೇಟೂ ಇದರಾಗ. ಬಿಡಂದ್ರ ಹ್ಯಾಂಗ ಬಿಡ್ಲಿ?”

“ಬಿಡು ಅಂದವರ್ಯಾರು? ಕೆಲಸ ಮುಗೀತಂದ್ರ ಕೆಳಗಿಡು. ಎತ್ತಿಗೂ ನೊಗ ಇಳಿಸಿ ನೆರಳಿಗೆ ಕಟ್ಟತೀವಿ, ನಿನ್ನ ತಲಿಗೆ ವಿಶ್ರಾಂತಿ ಬ್ಯಾಡೇನು? ಊಟದಾಗ, ಯಾರರೆ ಮಾತಾಡಾಕತ್ತಾಗ ಅದನ್ನ ಮುಟ್ಟಬ್ಯಾಡ. ಮಲಗೂ ಒಂದು ತಾಸು ಮೊದಲ ದೂರ ಇಡು, ಹಾಸಿಗಿಗೆ ತರಬ್ಯಾಡ. ಮೋಟಾರ್ ಹಾಕೂ ಮುಂದ ಎದ್ದು ಹೋಗಿ ನೋಡು, ಇಲ್ಲಾ ಕೂಗಿ ಕೇಳು.”

“ಇಷ್ಟಕ್ಕ ಎಲ್ಲಾ ಸರಿ ಆಗತೈತೇನು?” ಎಂದು ಶಿವಲಿಂಗ ಗೊಣಗಿದ. ಆದರೂ ಹೆಂಡತಿಯ ಹಣೆಯ ಪಟ್ಟಿ ನೋಡಿ ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು ಊಟಕ್ಕೆ ಕೂತ. ಕೈ ಸುಮ್ಮನಿರದೆ ಜೇಬು ತಡಕಿತು. ಕೊನೆಗೆ ನೋಡಲು ಬೇರೇನೂ ಇಲ್ಲದೆ ಎದುರಿಗೆ ಕೂತಿದ್ದ ಮಗಳು ನಂದಾಳನ್ನು ನೋಡಿದ. ರೊಟ್ಟಿ ಮುರಿಯುತ್ತಿದ್ದ ಕೈ ಹಾಗೇ ನಿಂತಿತು.

“ಮಗಳ, ಮುಂದಿನ ಹಲ್ಲು ಯಾವಾಗ ಬಿದ್ದವು?”

“ಹ್ವಾದ ತಿಂಗಳನ ಬಿದ್ದಾವಲ್ಲ ಅಪ್ಪಾ,” ಅಂದಳು ನಂದಾ. “ನಿನಗ ತೋರಿಸಿದ್ನಿ. ನೀ ನಕ್ಕಿದ್ದಿ.”

ಶಿವಲಿಂಗ ರೊಟ್ಟಿ ಕೆಳಗಿಟ್ಟ. ಕಣ್ಣಲ್ಲಿ ನೀರು ಬಂದುಬಿಟ್ಟಿತು. “ಇವತ್ತಿನಿಂದ ಊಟದಾಗ ಈ ಮನ್ಯಾಗ ಯಾರೂ ಮೊಬೈಲ್ ಮುಟ್ಟೂದು ಬ್ಯಾಡ,” ಎಂದ. ಮುದುಕವ್ವ ಎದ್ದು, ತನ್ನ ಧಾರಾವಾಹಿ ಅರ್ಧದಲ್ಲಿದ್ದರೂ ಟಿವಿ ಬಂದ್ ಮಾಡಿ ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ಮೊಬೈಲು ಕೆಲಸಕ್ಕಿರಲಿ. ಊಟಕ್ಕೆ, ನಿದ್ದೆಗೆ, ಮನೆಮಂದಿಯ ಮಾತಿಗೆ ಅಡ್ಡ ಬರದಿರಲಿ. ಇವತ್ತು ಊಟಕ್ಕೆ ಕೂತಾಗ ಅದನ್ನು ಬೇರೆ ಕೋಣೆಯಲ್ಲಿಟ್ಟು, ನಿಮ್ಮ ಮಕ್ಕಳ ಮುಖವನ್ನೊಮ್ಮೆ ಸರಿಯಾಗಿ ನೋಡಿ. ಎಷ್ಟು ದಿನದಿಂದ ನೋಡಿಲ್ಲ ಎಂಬುದು ಆಗ ಗೊತ್ತಾಗುತ್ತದೆ.