ಸಾವಿರದ ಇನ್ನೂರ ಒಂದನೆಯ ತಲೆ

ಹೆಬ್ಬೆರಳು ಒತ್ತುವುದು ನನ್ನ ಕೆಲಸ. ಕೇಳಿದವರು ನಗುತ್ತಾರೆ, ನಗಲಿ. ಪ್ರವಾಸಿ ಹಡಗು ಹತ್ತುವ ಬಾಗಿಲಲ್ಲಿ ನಿಂತು, ನನ್ನ ಮುಂದೆ ಹಾದುಹೋದ ಪ್ರತಿ ತಲೆಗೂ ಅಂಗೈಯಲ್ಲಿರುವ ಕೌಂಟರನ್ನು ಒಮ್ಮೆ ಒತ್ತಬೇಕು, ಅದು ಟಿಕ್ ಅನ್ನಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೇನೆ. ಈಗೀಗ ಮನೆಯಲ್ಲಿ ಮಲಗಿದ್ದಾಗ ಯಾರಾದರೂ ಮಂಚದ ಪಕ್ಕ ಹಾದುಹೋದರೂ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. "ಅದಕ್ಕೂ ಸ್ವಲ್ಪ ರಜೆ ಕೊಡೇ" ಅನ್ನುತ್ತಾಳೆ ಅಮ್ಮ.

ನನ್ನ ಬಾಗಿಲಿಗೂ ಹಡಗಿನ ಬಾಯಿಗೂ ನಡುವೆ ಹದಿನೈದು ಹಲಗೆಗಳ ಸೇತುವೆ. ಆ ತುದಿಯಲ್ಲಿ ಪೀಪಿ ಕೂತಿರುತ್ತಾನೆ. ಅವನದು ಯಂತ್ರ. ಹತ್ತುವವರು ಕಾರ್ಡು ತೋರಿಸಿದರೆ ಅದು 'ಪೀ' ಅನ್ನುತ್ತದೆ, ಇಳಿಯುವಾಗಲೂ 'ಪೀ' ಅನ್ನಿಸಿಯೇ ಇಳಿಯಬೇಕು. ಅವನಿಗೆ ಆ ಹೆಸರು ಬಂದದ್ದು ಅದರಿಂದಲೇ. ಅವನ ಎಣಿಕೆ, ನನ್ನ ಎಣಿಕೆ ಎರಡೂ ಕೂಡಿಬರದೆ ಹಗ್ಗ ಬಿಚ್ಚುವಂತಿಲ್ಲ. ಕೊನೆಯವರು ಹತ್ತುವ ತನಕ ಒಬ್ಬರ ಅಂಕಿಯನ್ನು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಹೇಳಿದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡುತ್ತಾರೆ ಅಂತ ಹಿರಿಯರು ಮಾಡಿದ ಕಟ್ಟಳೆ.

ನನ್ನ ತಮ್ಮ ಅದೇ ಹಡಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದ. ಸೇರಿಸಿದವಳು ನಾನೇ. ಕುಳ್ಳ, ನಡೆಯುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಹಾಗಾಗಿ ನಮಗೆಲ್ಲ ಗುಬ್ಬಿ. ಆ ಸೇತುವೆಯಲ್ಲಿ ಹಡಗಿನ ಕಡೆಯಿಂದ ಒಂಬತ್ತನೆಯ ಹಲಗೆ ಸಡಿಲ, ಕಾಲಿಟ್ಟರೆ ಊರಿಗೆಲ್ಲ ಕೇಳುವ ಹಾಗೆ ಧಡ್ ಅನ್ನುತ್ತದೆ. ಸರಿಮಾಡಿಸಿ ಅಂತ ನಾನು ಎಷ್ಟು ಸಲ ಬರೆದುಕೊಟ್ಟೆನೋ, ಕೋಣನ ಮೇಲೆ ಮಳೆ ಸುರಿದ ಹಾಗಾಯಿತು. ಗುಬ್ಬಿ ಮಾತ್ರ ಅದನ್ನು ತುಳಿದವನಲ್ಲ. ಎಂಟರಿಂದ ಹತ್ತಕ್ಕೆ ಹಾರಿ, ಎರಡೂ ಕಾಲನ್ನು ಒಟ್ಟಿಗೆ ಊರಿ, "ಅಕ್ಕಾ, ನನ್ನ ಎಣಿಸ್ಕೊಂಡ್ಯಾ?" ಅಂತ ಹಲ್ಲು ಕಿರಿಯುತ್ತಿದ್ದ.

ಸೋಂಕು ಬಂದ ಮೊದಲ ವರ್ಷ ಆ ಹಡಗನ್ನು ಯಾವ ಬಂದರೂ ಒಳಗೆ ಬಿಡಲಿಲ್ಲ. ನಮ್ಮ ಕಣ್ಣೆದುರೇ, ದಡದಿಂದ ಎರಡು ಮೈಲಿ ದೂರದಲ್ಲಿ, ಇಪ್ಪತ್ಮೂರು ದಿನ ನಿಂತಿತ್ತು. ಹನ್ನೊಂದನೆಯ ದಿನ ಗುಬ್ಬಿ ಹೋದ ಅಂತ ಫೋನು ಬಂತು. ಸೇತುವೆ ಇಲ್ಲದ ಕಡೆ ಸೇತುವೆಯ ಮೇಲೆ ಇಳಿಸುವುದು ಹೇಗೆ? ಹಡಗಿನ ಹೊಟ್ಟೆಯಲ್ಲಿ ಕೊಳೆ ಬಟ್ಟೆ ಸಾಗಿಸುವ ಕಿರುಬಾಗಿಲಿನಿಂದ, ಮೊಹರು ಮಾಡಿದ ಚೀಲದಲ್ಲಿ, ಒಂದು ದೋಣಿಗೆ ಇಳಿಸಿದರಂತೆ. ಮುಂದಿನದನ್ನೂ ಅವರೇ ಮುಗಿಸಿದರಂತೆ. ಎಲ್ಲವೂ 'ಅಂತೆ'. ನಮಗೆ ಸಿಕ್ಕಿದ್ದು ಎರಡು ಅಂಗಿ, ಒಂದು ಬಾಚಣಿಗೆ, ಚಾರ್ಜು ಸತ್ತ ಫೋನು.

ಅಮ್ಮ ಅಳಲಿಲ್ಲ. "ಮುಖ ನೋಡಿಲ್ಲ ನಾನು. ಅವನು ಇಳಿದೇ ಇಲ್ಲ" ಅಂದಳು. ಅಂದಿನಿಂದ ಮನೆಯ ಚಿಲಕ ಹಾಕಲಿಲ್ಲ. ಎರಡು ವರ್ಷ ಬಾಗಿಲು ಬರೀ ಒರಗಿಸಿಯೇ ಇರುತ್ತಿತ್ತು. ಕಳ್ಳರು ಬರುತ್ತಾರೆ ಅಂತ ನಾನು ರೇಗಿದರೆ, "ಬರ್ಲಿ ಬಿಡು, ಅವರ ಹಿಂದೇನೇ ಇವನೂ ಬರ್ತಾನೆ" ಅನ್ನುತ್ತಿದ್ದಳು. ನಾನು ಚಿಲಕ ಹಾಕಿದರೆ ಎದ್ದು ಬಂದು ತೆಗೆಯುತ್ತಿದ್ದಳು. ಅವನನ್ನು ಆ ಕೆಲಸಕ್ಕೆ ಸೇರಿಸಿದ್ದು ನೀನೇ ಅಂತ ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ಹಡಗು ಎರಡು ವರ್ಷ ಖಾಲಿ ನಿಂತಿದ್ದು, ಮತ್ತೆ ಜನ ಹತ್ತಿಸಿಕೊಳ್ಳಲು ಬಂದ ದಿನದ ಮಾತು ಇದು.

ಎರಡು ಸಾವಿರದ ನಾನೂರು ಜನ ಹಿಡಿಸುವ ಹಡಗಿಗೆ ಸಾವಿರದ ಇನ್ನೂರು ಜನಕ್ಕೆ ಮಾತ್ರ ಅನುಮತಿ. ಒಂದು ತಲೆ ಹೆಚ್ಚಾದರೂ ಹೊರಡುವಂತಿಲ್ಲ. ಬೆಳಗ್ಗೆ ಹತ್ತಕ್ಕೆ ಶುರು. ಹತ್ತು ಹತ್ತು ಜನರ ಗುಂಪು, ನೆಲದ ಮೇಲೆ ಆರಡಿಗೊಂದು ಹಳದಿ ವೃತ್ತ, ಹಣೆಗೆ ಜ್ವರದ ಪಿಸ್ತೂಲು, ಮೂಗಿಗೆ ಹತ್ತಿಯ ಕಡ್ಡಿ. ಕಡ್ಡಿ ಹಾಕಿಸಿಕೊಂಡವರೆಲ್ಲ ಕಣ್ಣೀರು ಸುರಿಸಿಕೊಂಡು ಬರುತ್ತಿದ್ದರು, ಪ್ರವಾಸಕ್ಕೆ ಹೊರಟವರೋ ಸಾವಿನ ಮನೆಗೆ ಹೊರಟವರೋ ಗೊತ್ತಾಗುತ್ತಿರಲಿಲ್ಲ. ಇದನ್ನೆಲ್ಲ ನೋಡಿಕೊಳ್ಳುವವರು ಹಡಗಿನ ಸುರಕ್ಷತಾಧಿಕಾರಿ. ಮಾತೆತ್ತಿದರೆ "ಆರಡಿ, ಆರಡಿ" ಅನ್ನುವವರು, ತಾವಿರುವುದು ಐದಡಿ. ನಾವು ಆರಡಿ ಸಾಹೇಬರು ಅನ್ನುತ್ತಿದ್ದೆವು, ಹಿಂದಿನಿಂದ.

ಎರಡೂವರೆಗೆ ಕೊನೆಯ ಗುಂಪು ಹತ್ತಿತು. ಅದರಲ್ಲಿ ಕೊನೆಯವರು ಒಬ್ಬ ಮುದುಕ ದರ್ಜಿ ಮತ್ತು ಅವರ ಹೆಂಡತಿ. ಸಡಿಲ ಹಲಗೆ ಧಡ್ ಅಂದಾಗ ಆಕೆ ಗಂಡನ ತೋಳು ಹಿಡಿದುಕೊಂಡರು. ನನ್ನ ಕೌಂಟರು ಸಾವಿರದ ಇನ್ನೂರು ತೋರಿಸಿತು. ನಾನು ಸೇತುವೆ ದಾಟಿ ಹೋಗಿ ಅಂಕಿ ಹೇಳಿದೆ.

ಪೀಪಿಯ ಮುಖ ಸುಣ್ಣವಾಯಿತು. "ಅಕ್ಕ, ನಂದು ಸಾವಿರದ ಇನ್ನೂರ ಒಂದು."

"ಕಣ್ಣು ಬಿಟ್ಕೊಂಡು ನೋಡೋ."

"ಬಿಟ್ಕೊಂಡೇ ನೋಡ್ದೆ ಅಕ್ಕ."

ಆರಡಿ ಸಾಹೇಬರು ಎಲ್ಲರನ್ನೂ ತಮ್ಮ ತಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ಮುಖ ಎಣಿಸಿದರು. ಒಂದೂವರೆ ಗಂಟೆ ಹಿಡಿಯಿತು. ಸಾವಿರದ ಇನ್ನೂರೇ ಮುಖ. ಬಂದು ಯಂತ್ರ ನೋಡಿದರು, ಸಾವಿರದ ಇನ್ನೂರ ಒಂದು. "ಮುಖ ಏನೇ ಹೇಳ್ಲಿ, ಬಂದರಿನ ಕಚೇರಿಗೆ ಹೋಗೋದು ಯಂತ್ರದ ಲೆಕ್ಕ. ಒಬ್ಬರನ್ನ ಇಳಿಸ್ಬೇಕು. ಕೊನೇಲಿ ಹತ್ತಿದವರು ಯಾರು?" ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ದರ್ಜಿ ದಂಪತಿಯನ್ನು ಕರೆಸಿದರು. "ನಾನಿಳೀತೀನಿ, ಇವಳು ಹೋಗ್ಲಿ" ಅಂದರು ಅವರು. "ಸೂಜೀಲಿ ದಾರ ಪೋಣಿಸೋಕೂ ನಾನು ಬೇಕು ಇವರಿಗೆ, ಮನೇಲಿ ಒಬ್ಬರೇ ಏನ್ಮಾಡ್ತಾರೆ? ನಾನೇ ಇಳೀತೀನಿ" ಅಂದರು ಆಕೆ. ಹೇಳುತ್ತ ಹೇಳುತ್ತ ಪೆಟ್ಟಿಗೆಯ ಹಿಡಿಯನ್ನು ಇಬ್ಬರೂ ಬಿಗಿಯಾಗಿ ಹಿಡಿದುಕೊಂಡಿದ್ದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಅಷ್ಟು ದೂರವೂ ಹೋಗಬೇಕಾಗಲಿಲ್ಲ. "ಯಾರೂ ಇಳಿಯಲ್ಲ. ಪೀಪಿ, ಮೊದಲನೆಯವರು ಹತ್ತೋಕೆ ಮುಂಚೆ ನಿನ್ನ ಯಂತ್ರದಲ್ಲಿ ಎಷ್ಟಿತ್ತು? ನೆಟ್ಟಗೆ ಹೇಳು" ಅಂದೆ.

ಅವನು ತಲೆ ಕೆರೆದುಕೊಂಡ. ಪ್ರತಿದಿನ ಬೆಳಗ್ಗೆ ತನ್ನದೇ ಕಾರ್ಡು ತೋರಿಸಿ ಒಮ್ಮೆ ಪರೀಕ್ಷೆ ಮಾಡಿ, ಆಮೇಲೆ ಅಳಿಸುವುದು ಅವನ ವಾಡಿಕೆ. "ಒಂದಿತ್ತು ಅಕ್ಕ. ನನ್ನ ಪರೀಕ್ಷೆಯ ಪೀ ಅಂದ್ಕೊಂಡೆ. ಅಳಿಸ್ದೆ. ಮತ್ತೆ ಒಂದೇ ತೋರಿಸ್ತು. ಹೊತ್ತಾಗ್ತಿತ್ತು, ತಾನೇ ಸರಿಹೋಗುತ್ತೆ ಅಂತ ಬಿಟ್ಬಿಟ್ಟೆ."

"ಯಾರದು ಆ ಒಂದು?"

ಅವನು ಗುಂಡಿಗಳನ್ನು ಒತ್ತಿದ. ಪರದೆಯ ಮೇಲೆ ಒಂದು ಕಾರ್ಡಿನ ಫೋಟೋ ಬಂತು. ಗುಬ್ಬಿ ಹಲ್ಲು ಕಿರಿಯುತ್ತಿದ್ದ.

ಪೀಪಿ ಪರದೆಯನ್ನು ಮರೆಮಾಡಲು ಕೈ ಅಡ್ಡ ತಂದ, ನಾನು ಆ ಕೈ ಸರಿಸಿದೆ. ಯಂತ್ರದ ಬುದ್ಧಿ ನೆಟ್ಟಗೇ ಇತ್ತು. ಗುಬ್ಬಿಯ ಕೆಲಸ ಮುಗಿಯಿತು ಅಂತ ಕಚೇರಿಯವರು ಸಿಬ್ಬಂದಿ ಪಟ್ಟಿಯಿಂದ ಹೆಸರು ಹೊಡೆದಿದ್ದರು. ಆದರೆ ಅವನು 'ಪೀ' ಅನ್ನಿಸಿ ಇಳಿದಿರಲಿಲ್ಲ, ಕಿರುಬಾಗಿಲಲ್ಲಿ ಯಂತ್ರವೆಲ್ಲಿದೆ? ಒಳಗಿದ್ದಾನೆ, ಸಿಬ್ಬಂದಿಯಲ್ಲ. ಅಂದಮೇಲೆ ಪ್ರಯಾಣಿಕ. ಸಾವಿರದ ಇನ್ನೂರು ಜನರಿಗಿಂತ ಮೊದಲೇ ಹತ್ತಿದ ಪ್ರಯಾಣಿಕ.

"ಹಳೇ ತಪ್ಪು, ಅಷ್ಟೇ" ಅಂದರು ಆರಡಿ ಸಾಹೇಬರು, ಉಸಿರು ಬಿಟ್ಟು.

"ಅಷ್ಟೇ ಅಲ್ಲ ಸಾರ್" ಅಂದ ಪೀಪಿ. "ಈ ಕಾರ್ಡು ಕೆಳಗಿನ ಒಗೆಯೋ ಕೋಣೆ ಬಾಗಿಲು ತೆಗೀತಾ ಇದೆ. ದಿನಾ ನಾಲ್ಕು ಗಂಟೆಗೆ. ಎರಡು ವರ್ಷ, ಒಂದು ದಿನಾನೂ ತಪ್ಪಿಲ್ಲ."

ಗುಬ್ಬಿಯ ಪಾಳಿ ನಾಲ್ಕಕ್ಕೆ ಶುರುವಾಗುತ್ತಿತ್ತು.

"ಇವತ್ತು?" ಅಂದೆ.

"ಇವತ್ತೂ."

ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತು. ಸಾಹೇಬರು ಕೀಲಿಗೊಂಚಲು ಹಿಡಿದು ಕೆಳಗೆ ಹೋದರು. ಆ ಕೋಣೆಯನ್ನು ಗುಬ್ಬಿ ಹೋದಾಗಿನಿಂದ ಬೀಗ ಹಾಕಿಯೇ ಇಟ್ಟಿದ್ದರು, ಈಗ ಒಗೆಯುವುದೆಲ್ಲ ಮೇಲಿನ ಅಂತಸ್ತಿನಲ್ಲಿ. ಹತ್ತು ನಿಮಿಷಕ್ಕೆ ಮರಳಿ ಬಂದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಆ ಕಾರ್ಡು, ಇನ್ನೊಂದು ಕೈಯಲ್ಲಿ ಮಡಚಿದ ಒಂದು ಬಿಳಿ ಟವೆಲು. ಆರಡಿಯ ನೆನಪೇ ಇಲ್ಲದೆ ನನಗೆ ತಾಗಿಕೊಂಡು ನಿಂತರು.

"ಕಾರ್ಡು ಮೊಳೆಗೆ ನೇತಾಡ್ತಿತ್ತು. ಟವೆಲು ಸೂರಿನ ತನಕ ಪೇರಿಸಿದೆ ಕಣಮ್ಮ. ವಿದ್ಯುತ್ತು ಕೂಡ ಇಲ್ಲ ಅಲ್ಲಿ."

ಟವೆಲನ್ನು ಕೈಗೆ ತೆಗೆದುಕೊಂಡೆ. ಆಗತಾನೆ ಇಸ್ತ್ರಿ ಮಾಡಿದಷ್ಟು ಬಿಸಿ ಇತ್ತು. ಒಂದು ಮೂಲೆ ಒಳಕ್ಕೆ ಸಿಕ್ಕಿಸಿತ್ತು. ಹಾಗೆ ಮಡಚಲು ನಮ್ಮಿಬ್ಬರಿಗೂ ಕಲಿಸಿದವಳು ಅಮ್ಮ. ಅವಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನಿಬ್ಬರಿಗೇ ಅದು ಬರುವುದು.

"ಐದಕ್ಕೆ ಹೊರಡಬೇಕು" ಅಂದರು ಸಾಹೇಬರು, ಮೆಲ್ಲಗೆ. "ಹೊರಗೆ ಅಂತ ಆ ಕಾರ್ಡು ತೋರಿಸಿದ್ರೆ ಲೆಕ್ಕ ಸರಿಹೋಗುತ್ತೆ. ಪೀಪಿ, ತೋರಿಸಪ್ಪ."

ಪೀಪಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅಕ್ಕ ತೋರಿಸ್ಲಿ."

ಕಾರ್ಡು ಹಿಡಿದು ನಿಂತೆ. ಕೈ ಬರಲಿಲ್ಲ. ಲೆಕ್ಕ ಸರಿಹೋಗುತ್ತದೆ, ಹೌದು. ಆದರೆ 'ಪೀ' ಅಂದ ಮೇಲೂ ಅವನು ಇಳಿಯದೆ ಒಳಗೇ ಉಳಿದರೆ? ಈಗ ಅವನ ಹೆಸರು ಇರುವುದು ಈ ಒಂದು ಯಂತ್ರದಲ್ಲಿ ಮಾತ್ರ. ಅದೂ ಅಳಿಸಿಹೋದ ಮೇಲೆ ಹಡಗು ಅವನನ್ನು ಹೊತ್ತು ನಡುನೀರಿಗೆ ಹೋಗುತ್ತದೆ. ಎಣಿಸುವವರೇ ಇಲ್ಲದ ಒಂದು ತಲೆ. ಎರಡು ವರ್ಷ ಬಾಗಿಲು ಒರಗಿಸಿ ಕೂತ ಅಮ್ಮನಿಗೆ ನಾನು ಏನು ಹೇಳಲಿ? ಹಡಗಿಗೆ ಸೇರಿಸಿದವಳೂ ನಾನೇ, ಅಳಿಸಿದವಳೂ ನಾನೇ ಅಂತಲೇ?

ನಮ್ಮ ಕಸುಬಿನಲ್ಲಿ ಇಳಿಯುವವರಿಗೆ ಒಂದು ಕ್ರಮವಿದೆ. ಕಾರ್ಡು ತೋರಿಸುವ ಮುಂಚೆ ಸೇತುವೆ ಖಾಲಿ ಮಾಡಿಸಬೇಕು, ಹಗ್ಗ ಸರಿಸಬೇಕು, ಬಾಗಿಲಿನವಳು ತನ್ನ ಜಾಗದಲ್ಲಿ ನಿಂತು ಕರೆಯಬೇಕು. ಕ್ರಮ ಅಂದರೆ ಕ್ರಮ. ಕಾರ್ಡನ್ನು ಪೀಪಿಯ ಕೈಗೆ ತುರುಕಿದೆ. "ನಾನು ಕರೆದಾಗ ತೋರಿಸು. ಅದಕ್ಕೆ ಮುಂಚೆ ತೋರಿಸಿದ್ಯೋ, ನಿನ್ನನ್ನೇ ಇಳಿಸ್ತೀನಿ" ಅಂದೆ.

ಹದಿನೈದು ಹಲಗೆ ದಾಟಿ ಬಂದು ನನ್ನ ಬಾಗಿಲಲ್ಲಿ ನಿಂತೆ. ಹಗ್ಗ ಸರಿಸಿದೆ. ಗಾಳಿ ಇರಲಿಲ್ಲ. ಮಾಸ್ಕ್ ಕೆಳಗೆಳೆದೆ, ಅವನಿಗೆ ನನ್ನ ಮುಖ ಕಾಣಲಿ ಅಂತ.

"ಗುಬ್ಬೀ, ಪಾಳಿ ಮುಗೀತು. ಇಳಿದು ಬಾರೋ. ಅಮ್ಮ ಇನ್ನೂ ಚಿಲಕ ಹಾಕಿಲ್ಲ."

ಯಂತ್ರ 'ಪೀ' ಅಂದಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ತುದಿಯ ಮೊದಲ ಹಲಗೆ ಕಿರ್ ಅಂದಿತು. ಎರಡನೆಯದು. ಮೂರನೆಯದು. ಸೇತುವೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಸಿಲು ಬಿದ್ದಿತ್ತು, ಹಲಗೆಗಳು ಮಾತ್ರ ಒಂದೊಂದಾಗಿ ತಗ್ಗಿ ಏಳುತ್ತಿದ್ದವು. ಹಡಗಿನ ಬಾಯಲ್ಲಿ ಸಾಹೇಬರು ಗೋಡೆಗೆ ಒರಗಿದ್ದು ಕಂಡಿತು. ನಾನು ಎಣಿಸುತ್ತಿದ್ದೆ. ಆರು. ಏಳು. ಎಂಟು.

ನಿಂತಿತು.

ಯಾರ ಕಾಲಾದರೂ ಆಗಿರಬಹುದಲ್ಲ. ಮುಂದಿನ ಹಲಗೆ ಧಡ್ ಅಂದರೆ ಅದು ಗುಬ್ಬಿಯಲ್ಲ, ಬೇರೇನೋ. ಅದನ್ನು ಕರೆದವಳು ನಾನೇ. ಅಂಗೈಯಲ್ಲಿ ಕೌಂಟರು ಬೆವರಿಗೆ ಜಾರುತ್ತಿತ್ತು.

ಒಂಬತ್ತನೆಯ ಹಲಗೆ ಸದ್ದು ಮಾಡಲಿಲ್ಲ. ಹತ್ತನೆಯದು ದೊಪ್ ಅಂತ ಕುಸಿದೆದ್ದಿತು, ಎರಡೂ ಕಾಲನ್ನು ಒಟ್ಟಿಗೆ ಊರಿದ ಹಾಗೆ.

ನಾನು ಅತ್ತುಬಿಟ್ಟೆ. ಅಳುತ್ತಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಸೋಪಿನ ವಾಸನೆ, ಬಿಸಿ ಬಟ್ಟೆಯ ವಾಸನೆ ಮುಖದ ಮುಂದೆ ಹಾದುಹೋಯಿತು. ಇಪ್ಪತ್ತೆರಡು ವರ್ಷದ ಹೆಬ್ಬೆರಳು, ಅದಕ್ಕೇನು ಗೊತ್ತು? ಒತ್ತಿಬಿಟ್ಟಿತು. ಟಿಕ್.

ಪೀಪಿ ಆ ತುದಿಯಿಂದ ಕೂಗಿದ. "ಸಾವಿರದ ಇನ್ನೂರು ಅಕ್ಕ. ನಿಮ್ದೆಷ್ಟು?"

ಕೌಂಟರು ಸಾವಿರದ ಇನ್ನೂರ ಒಂದು ಅನ್ನುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಸಾವಿರದ ಇನ್ನೂರು" ಅಂದೆ. ಕಸುಬಿಗೆ ಬಂದಮೇಲೆ ನಾನು ಹೇಳಿದ ಮೊದಲ ಸುಳ್ಳು. ದರ್ಜಿಯ ಹೆಂಡತಿ ಮೇಲಿನ ಕಟಾಂಜನದಿಂದ ನನಗೆ ಕೈ ಬೀಸಿದರು. ಐದಕ್ಕೆ ಹಗ್ಗ ಬಿಚ್ಚಿದರು.

ಮನೆಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಒಮ್ಮೆಯೂ ಹಿಂದೆ ನೋಡಲಿಲ್ಲ, ಮುಂದೆಯೂ ಸರಿಯಾಗಿ ನೋಡಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು, ಹೇಳಬೇಕೋ ಬೇಡವೋ ಅಂತ ತಲೆ ಚಿಟ್ಟು ಹಿಡಿದಿತ್ತು. ಮನೆ ಮುಟ್ಟಿ, ಎಂದಿನ ಹಾಗೆ ಬಾಗಿಲನ್ನು ಭುಜದಿಂದ ತಳ್ಳಿದೆ.

ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ತಟ್ಟಿದೆ. ಅಮ್ಮ ಬಂದು ತೆಗೆದಳು. ಹೆಗಲ ಮೇಲೆ ಟವೆಲು, ಕೈಯಲ್ಲಿ ಸಾರಿನ ಸೌಟು.

"ಯಾಕಮ್ಮ, ಚಿಲಕ ಹಾಕ್ಕೊಂಡಿದೀಯ?" ಅಂದೆ.

"ಮತ್ತೆ? ತೆಗೆದಿಟ್ಕೊಂಡು ಯಾರಿಗೆ ಕಾಯ್ಲಿ? ಬರಬೇಕಾದೋನು ಬಂದ, ನೀನೊಬ್ಬಳೇ ಬಾಕಿ" ಅಂದಳು ಅಮ್ಮ. "ಕಾಲು ತೊಳ್ಕೊಂಡು ಬಾ. ಸದ್ದು ಮಾಡ್ಬೇಡ, ಎರಡು ವರ್ಷದ ನಿದ್ದೆ ಅವನದು."

ಅವಳ ಹೆಗಲಿನ ಆಚೆ ಒಳಕೋಣೆಯ ಪರದೆ ಎಳೆದಿತ್ತು. ನನ್ನ ಹೆಬ್ಬೆರಳು ಮಡಚಿಕೊಳ್ಳಲು ಹೊರಟಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಯಾರನ್ನೂ ಎಣಿಸದೆ ಒಳಗೆ ಹೋಗಿ ಚಿಲಕ ಹಾಕಿದೆ.