ಮಣಿಕಟ್ಟಿನ ಸೊಟ್ಟ ಎಲೆ

ಆ ಬೆಳಿಗ್ಗೆ ಗಾಳಿ ಎಲ್ಲೋ ಮುನಿಸಿಕೊಂಡು ಕೂತಂತಿತ್ತು. ಮೋಡ ಕವಿದಿದ್ದರೂ ಹನಿ ಬೀಳಲಿಲ್ಲ. ಎಂಟು ಗಂಟೆಗೇ ಅಂಗಿ ಬೆನ್ನಿಗಂಟುವ ಸೆಕೆ. ಬಸ್ಸಿನ ಕಂಬಿ ಹಿಡಿದು ನಿಂತ ಹುಡುಗಿ ಮಾತ್ರ ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಬಿಗಿಯಾಗಿ ಹಾಕಿಕೊಂಡಿದ್ದಳು. ‘ದೇವರೇ, ಇವತ್ತೊಂದು ದಿನ ದಾಟಿಸಿಬಿಡು’ ಎಂದು ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು.

ಓಣಿಯವರೆಲ್ಲ ಅವಳನ್ನು ಬಳ್ಳಿ ಎಂದೇ ಕರೆಯುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ ಅದು. ಎಡಗೈಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆಯ ಬಳ್ಳಿಯೊಂದು ಹಬ್ಬಿತ್ತು. ಅವಳ ಅಕ್ಕ ಹಚ್ಚೆ ಹಾಕುವ ಕಸುಬು ಕಲಿತದ್ದೇ ತಂಗಿಯ ಆ ಕೈಮೇಲೆ. ಮೊದಲು ಬರೆದ ಎಲೆ, ಮಣಿಕಟ್ಟಿನದು, ಸ್ವಲ್ಪ ಸೊಟ್ಟ. “ಸರಿಮಾಡ್ಲೇನೇ?” ಎಂದು ಅಕ್ಕ ಕೇಳಿದಾಗಲೆಲ್ಲ, “ಇರ್ಲಿ ಬಿಡೇ, ನಿನ್ನ ಮೂಗೂ ಹಂಗೇ ಅಲ್ವಾ ಇರೋದು” ಎಂದು ತಂಗಿ ನಗುತ್ತಿದ್ದಳು. ಬಣ್ಣ ಮಂಕಾಗದಿರಲು ದಿನಾ ಬೆಳಿಗ್ಗೆ ಎರಡು ಹನಿ ಎಣ್ಣೆ ತಿಕ್ಕಬೇಕೆಂಬುದು ಅಕ್ಕನ ಕಟ್ಟಪ್ಪಣೆ. ಏಳು ವರ್ಷದಿಂದ ಪ್ರಾರ್ಥನೆಯಷ್ಟೇ ನೇಮದಿಂದ ಅದು ನಡೆದುಬಂದಿತ್ತು.

ಮಾಡೆಲ್ ಆಗಬೇಕೆಂಬ ಆಸೆಯೂ ಅಷ್ಟೇ ಹಳೆಯದು. ಆದರೆ ಹೋದ ಮೂರು ಕಡೆಯೂ ತೋಳು ಕಂಡದ್ದೇ ತಡ, ಮಾತು ಮುಗಿದುಬಿಟ್ಟಿತ್ತು. “ಮುಖ ಚೆನ್ನಾಗಿದೆಯಮ್ಮಾ, ತೋಳೇ...” ಎಂದು ಒಬ್ಬರು ರಾಗ ಎಳೆದಾಗ, “ತೋಳು ಮನೇಲಿಟ್ಟು ಬರೋಕಾಗುತ್ತಾ ಸಾರ್?” ಎಂದು ಕೇಳಿ ಬಂದಿದ್ದಳು. ನಾಲ್ಕನೆಯದು ಕೈಗಡಿಯಾರದ ಜಾಹೀರಾತು. ಇದು ಒಪ್ಪಿಗೆಯಾದರೆ ವರ್ಷವಿಡೀ ಅವಳದೇ ಕೈ, ಅವಳದೇ ಮುಖ. ಈ ಸಲ ಫಾರಂನಲ್ಲಿ ‘ಹಚ್ಚೆ ಇದೆಯೇ?’ ಎಂಬಲ್ಲಿ ‘ಇಲ್ಲ’ ಎಂದು ಬರೆದುಬಿಟ್ಟಳು.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮೇಕಪ್ ಮಾಡುವ ಹೆಂಗಸು ಕಾದಿದ್ದಳು. ಮೂವತ್ತು ವರ್ಷದಿಂದ ಅಲ್ಲೇ ಇದ್ದ ಅವಳಿಗೆ ಎಲ್ಲರೂ ಇಟ್ಟ ಹೆಸರು ಪೌಡರಮ್ಮ. ಬಣ್ಣದ ಬೀರುವಿನ ಬೀಗದಕೈ ದಾರಕ್ಕೆ ಕಟ್ಟಿ ಕೊರಳಲ್ಲೇ ಹಾಕಿಕೊಂಡಿರುತ್ತಿದ್ದಳು. ಬಳ್ಳಿ ಅಂಗಿಯ ತೋಳು ಮಡಚಿದ್ದೇ ತಡ, ಪೌಡರಮ್ಮ ಕನ್ನಡಕ ಏರಿಸಿದಳು.

“ಅಯ್ಯೋ ಮಗಳೇ, ತೋಟಾನೇ ಹೊತ್ಕೊಂಡು ಬಂದಿದ್ದೀಯಲ್ಲೇ! ಫಾರಂನಲ್ಲಿ ಇಲ್ಲ ಅಂತಿದೆ?”

“ಹೆಂಗಾದ್ರೂ ಮುಚ್ಚಿಬಿಡಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬಿದ್ರೆ ಮೇಕಪ್ ಹಾಳಾಗುತ್ತೆ, ಸುಮ್ನೆ ಕೂತ್ಕೋ. ಕೈಗೆ ಎಣ್ಣೆಗಿಣ್ಣೆ ಏನೂ ಹಚ್ಚಿಲ್ಲ ತಾನೆ? ಹಚ್ಚಿದ್ರೆ ಬಣ್ಣ ನಿಲ್ಲಲ್ಲ.”

“ಇಲ್ಲಮ್ಮ.”

ಪೌಡರಮ್ಮ ಯಾವತ್ತೂ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸದೆ ಬಣ್ಣ ಮುಟ್ಟಿದವಳಲ್ಲ. ಆದರೆ ಹೊರಗಿನಿಂದ ಛಾಯಾಗ್ರಾಹಕ, “ಇನ್ನೂ ಆಗ್ಲಿಲ್ವಾ? ಲೈಟು ಉರೀತಾನೇ ಇದೆ!” ಎಂದು ಕೂಗಿದ. ಹುಡುಗಿಯ ಮಾತನ್ನೇ ನಂಬಿ ಅವಳು ಲೇಪ ಹಚ್ಚತೊಡಗಿದಳು. ಎಲೆಗಳು ಒಂದೊಂದಾಗಿ ಮಾಯವಾದವು. ಸೊಟ್ಟ ಎಲೆ ಮುಚ್ಚಿದ ಗಳಿಗೆಯಲ್ಲೇ ಬಳ್ಳಿಗೆ ನೆನಪಾಯಿತು. ಬೆಳಿಗ್ಗೆ, ಅರೆನಿದ್ದೆಯಲ್ಲಿ, ಕನ್ನಡಿಯ ಮುಂದೆ, ಬಲಗೈ ತಾನಾಗಿಯೇ ಎಡಗೈಗೆ ಎಣ್ಣೆ ತಿಕ್ಕಿತ್ತು.

ಬಾಯಿ ತೆರೆದಳು. ಹೇಳಿದರೆ ಎಲ್ಲ ಅಳಿಸಿ ಮೊದಲಿಂದ ಶುರು. ಹೊರಗಿರುವವರು ಅಷ್ಟು ಹೊತ್ತು ಕಾಯುವುದಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ದೀಪಗಳ ಕೆಳಗೆ ಒಲೆಯ ಮುಂದೆ ಕೂತಂತಿತ್ತು. ಸ್ಟುಡಿಯೋ ನಡೆಸುವ ಮೇಡಂ ತಾವೇ ಪೆಟ್ಟಿಗೆಯಿಂದ ಗಡಿಯಾರ ತೆಗೆದು ಕಟ್ಟಿದರು. ಹಾಲಿನಂಥ ಬಿಳಿ ಚರ್ಮದ ಪಟ್ಟಿ. ಕಂಪನಿಯಿಂದ ಬಂದದ್ದು ಅದೊಂದೇ. ಹತ್ತು ಚಿತ್ರವಾಯಿತು. ಹದಿನೈದಾಯಿತು. ಲೇಪದ ಅಡಿಯಲ್ಲಿ ಏನೋ ಮೆಲ್ಲಗೆ ಜಾರುತ್ತಿರುವುದು ಅವಳಿಗೆ ಮಾತ್ರ ಗೊತ್ತಾಗುತ್ತಿತ್ತು.

“ಕೈ ತಿರುಗಿಸಮ್ಮಾ. ಹಾಂ... ಅದೇನದು?” ಛಾಯಾಗ್ರಾಹಕ ಕ್ಯಾಮೆರಾ ಇಳಿಸಿದ.

ಬಿಳಿ ಪಟ್ಟಿಯ ಅಂಚಿಗೆ ಕಂದು ಬಣ್ಣ ಮೆತ್ತಿಕೊಂಡಿತ್ತು. ಅದರ ಪಕ್ಕದಲ್ಲೇ ಸೊಟ್ಟ ಎಲೆ, ಬಾಗಿಲ ಸಂದಿಯಿಂದ ಮುಖ ಹಾಕಿದ ಮಗುವಿನಂತೆ, ಹೊರಗೆ ಇಣುಕುತ್ತಿತ್ತು.

ಮೇಡಂ ಗಡಿಯಾರ ಬಿಚ್ಚಿದರು, ಕೈ ನೋಡಿದರು, ಆಮೇಲೆ ಪೌಡರಮ್ಮನತ್ತ ತಿರುಗಿದರು. ದನಿ ಏರಲಿಲ್ಲ, ಏರಿದ್ದರೇ ವಾಸಿಯಿತ್ತು.

“ನನಗೆ ಹೇಳದೆ ಮುಚ್ಚೋಕೆ ಹೊರಟ್ರಲ್ಲ, ಮುಚ್ಚೋದನ್ನಾದ್ರೂ ನೆಟ್ಟಗೆ ಮುಚ್ಚಬಾರದಾ? ವಯಸ್ಸಾಯ್ತಮ್ಮಾ ನಿಮ್ಗೆ. ಕೈಯೂ ಹೋಯ್ತು, ಕಣ್ಣೂ ಹೋಯ್ತು. ಬೀಗದಕೈ ಕೊಟ್ಟು ಮನೆಗೆ ಹೋಗಿ.”

ಪೌಡರಮ್ಮ ಬಳ್ಳಿಯ ತೋಳಿನ ಮೇಲೆ ಬೆರಳಾಡಿಸಿದಳು, ಬೆರಳನ್ನು ಮೂಗಿನ ಹತ್ತಿರ ತಂದಳು. ಎಣ್ಣೆಯ ವಾಸನೆ ಅವಳಿಗೆ ಹತ್ತಿತೆಂಬುದು ಮುಖದಲ್ಲೇ ಗೊತ್ತಾಯಿತು. ಹುಡುಗಿಯನ್ನು ಒಮ್ಮೆ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕೊರಳಿನ ದಾರ ತೆಗೆದು ಬೀಗದಕೈಯನ್ನು ಮೇಡಂ ಅಂಗೈಯಲ್ಲಿಟ್ಟಳು. ಮೂವತ್ತು ವರ್ಷದ ದಾರ. ಕೊರಳಲ್ಲಿ ಅದರ ಗುರುತು ಉಳಿದಿತ್ತು.

ಬಳ್ಳಿ ಆ ಗುರುತನ್ನೇ ನೋಡಿದಳು. ಸುಮ್ಮನಿದ್ದರೆ ಇನ್ನೊಂದು ಅವಕಾಶ ಸಿಕ್ಕರೂ ಸಿಗಬಹುದು. ತಪ್ಪು ಹೇಗೂ ಬೇರೆಯವರ ತಲೆಗೆ ಬಂತಲ್ಲ ಎಂದು ಒಳಗೊಂದು ದನಿ ಪಿಸುಗುಟ್ಟಿತು. ಆ ದನಿ ತನ್ನದೇ ಎಂದು ತಿಳಿದಾಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

“ಮೇಡಂ, ಅವರದ್ದು ತಪ್ಪಿಲ್ಲ. ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿದ್ದೆ. ಅವರು ಕೇಳಿದ್ರು, ಇಲ್ಲ ಅಂದೆ. ಆಮೇಲೆ ನೆನಪಾಯ್ತು, ಆಗ್ಲೂ ಹೇಳ್ಲಿಲ್ಲ. ಫಾರಂನಲ್ಲಿ ಸುಳ್ಳು ಬರೆದೋಳೂ ನಾನೇ. ಮುಚ್ಚಿ ಅಂತ ಕಾಲು ಹಿಡಿದೆ.”

“ಇದನ್ನ ಹೇಳಿದ್ರೆ ನಿನ್ನ ಕೆಲಸ ಉಳಿಯುತ್ತೆ ಅಂದ್ಕೊಂಡ್ಯಾ?”

“ಇಲ್ಲ ಮೇಡಂ. ಆ ಫಾರಂ ಒಂದ್ಸಲ ಕೊಡ್ತೀರಾ?”

ಮೇಡಂ ಫೈಲು ಮುಂದೆ ತಳ್ಳಿದರು. ಬಳ್ಳಿ ‘ಇಲ್ಲ’ ಎಂಬುದನ್ನು ಹೊಡೆದುಹಾಕಿ, ‘ಇದೆ. ಎಡಗೈ, ಮೊಣಕೈಯಿಂದ ಮಣಿಕಟ್ಟಿನವರೆಗೆ. ಮುಚ್ಚುವುದಿಲ್ಲ’ ಎಂದು ಬರೆದಳು. ಅವಸರಕ್ಕೆ ಅಕ್ಷರ ಸೊಟ್ಟಾದವು. ಮೇಡಂ ಅದನ್ನು ಎರಡು ಸಲ ಓದಿದರು. ಹರಿದುಹಾಕುತ್ತಾರೆಂದು ಅವಳು ಕಾದಳು. ಅವರು ಹರಿಯಲಿಲ್ಲ, ಫೈಲಿಗೆ ಸೇರಿಸಿದರು. “ಮಧ್ಯಾಹ್ನಕ್ಕೆ ಬೇರೆ ಹುಡುಗೀನ ಕರೀರಿ” ಎಂದು ಛಾಯಾಗ್ರಾಹಕನಿಗೆ ಹೇಳಿದರು.

ಹಿಂದಿನ ಕೋಣೆಯಲ್ಲಿ ಪೌಡರಮ್ಮ ಹತ್ತಿ ಅದ್ದಿ ತೋಳು ಒರೆಸತೊಡಗಿದಳು. ಎಲೆಗಳು ಒಂದೊಂದಾಗಿ ಹಿಂದಿರುಗಿದವು.

“ಕ್ಷಮಿಸಮ್ಮಾ.”

“ಅಲುಗಾಡ್ಬೇಡ, ಎಲೆ ಉದುರೀತು.”

ಹೆಜ್ಜೆ ಸಪ್ಪಳವಾಯಿತು. ಮೇಡಂ ಒಳಗೆ ಬಂದು, ಯಾರನ್ನೂ ನೋಡದೆ, ದಾರ ಸಮೇತ ಬೀಗದಕೈಯನ್ನು ಪೌಡರಮ್ಮನ ಕೈಯಲ್ಲಿಟ್ಟು ಹೋದರು.