ಎರಡನೇ ದಾರಿ

ಬೀದಿಯವರೆಲ್ಲ ಅವಳನ್ನು ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಕಾರು ಓಡಿಸುವುದನ್ನು ಕಲಿಸುವುದು ಅವಳ ಕಸುಬು. ಕಲಿಯುವವರ ಪಕ್ಕ ಕೂತು, ತನ್ನ ಕಾಲ ಕೆಳಗಿದ್ದ ಇನ್ನೊಂದು ಬ್ರೇಕನ್ನು ಬೇಕಾದಾಗಲೂ ಬೇಡವಾದಾಗಲೂ ಒತ್ತುತ್ತಿದ್ದಳಾದ್ದರಿಂದ ಆ ಹೆಸರು ಬಂದಿತ್ತು. ಬೀದಿಯ ಅರ್ಧ ಜನ ಅವಳ ಹತ್ತಿರವೇ ಕಲಿತವರು. "ನಮ್ಮಲ್ಲಿ ಟ್ರಾಫಿಕ್ ಜಾಸ್ತಿಯಾದ್ರೆ ಮೊದಲು ನಿಮ್ಮನ್ನ ಹಿಡಿದು ಒಳಗೆ ಹಾಕ್ಬೇಕು" ಎಂದು ಎದುರುಮನೆಯ ಕನ್ನಡಕದಂಗಡಿಯವರು ನಗುತ್ತಿದ್ದರು.

ಬೀದಿ ಕಿರಿದು. ಎರಡು ಕಾರು ಎದುರುಬದುರಾದರೆ ಒಂದು ಯಾರದಾದರೂ ಗೇಟಿನೊಳಗೆ ಮೂತಿ ತೂರಿಸಿ ನಿಲ್ಲಬೇಕು. ಕೊನೆಯಲ್ಲಿ ಮುಚ್ಚಿಹೋದ ಬಾಟಲಿ ಕಾರ್ಖಾನೆಯ ಗೋಡೆ. ಬೀದಿ ಅಲ್ಲಿಗೆ ಮುಗಿಯುತ್ತಿತ್ತು. ಮುಂದಕ್ಕೆ ದಾರಿಯಿಲ್ಲದ್ದರಿಂದ ಹೊರಗಿನ ಗಾಡಿಗಳು ಇತ್ತ ತಲೆ ಹಾಕುತ್ತಿರಲಿಲ್ಲ. ಮಕ್ಕಳು ನಡುಬೀದಿಯಲ್ಲಿ ಆಡಿಕೊಂಡಿದ್ದವು. ಮುದುಕರು ಕುರ್ಚಿ ತಂದು ಬಿಸಿಲು ಕಾಯುತ್ತಿದ್ದರು.

ಆ ಕಾರ್ಖಾನೆಯ ಜಾಗವನ್ನು ಒಂದು ಕಟ್ಟಡ ಕಂಪನಿ ಕೊಂಡಿತು. ಕತ್ತೆತ್ತಿ ನೋಡುವಷ್ಟು ಎತ್ತರದ ಕಟ್ಟಡಗಳು, ನೂರಾರು ಮನೆಗಳು, ಅಷ್ಟೂ ಮನೆಗಳ ಗಾಡಿಗಳಿಗೆ ಈ ಒಂದೇ ಬೀದಿ. ಹಳೆಯ ಗೋಡೆಗಳನ್ನು ಕೆಡವುತ್ತಿದ್ದ ದಿನಗಳಲ್ಲೇ, ಮಣ್ಣು ಹೊರುವ ಲಾರಿಯೊಂದು ಹಿಂದಕ್ಕೆ ಬರುತ್ತ ಬ್ರೇಕಮ್ಮನ ತಮ್ಮನ ಹೆಂಡತಿಯನ್ನು ಕೆಡವಿತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕೋಲು ಹಿಡಿದೇ ನಡೆಯುತ್ತಿದ್ದಳು.

ಅವಳು ಬಿದ್ದ ದಿನವೇ ಬ್ರೇಕಮ್ಮ ಟೊಂಕ ಕಟ್ಟಿದಳು. ಮನೆಮನೆ ಹತ್ತಿ ಇಳಿದಳು. ಎಂದೂ ಯಾವುದಕ್ಕೂ ಒಂದಾಗದ ಬೀದಿ ಒಂದಾಯಿತು. ಸಭೆ ಸೇರುತ್ತಿದ್ದುದು ಬೀದಿಯ ಕೊನೆಯಲ್ಲಿದ್ದ ತಮ್ಮನ ಮನೆಯ ಹಜಾರದಲ್ಲಿ. ತಮ್ಮ ಫ್ರಿಜ್ ರಿಪೇರಿಯವನು, ಮಾತು ಕಮ್ಮಿ. ತಂದೆತಾಯಿ ಬೇಗ ಹೋಗಿದ್ದರಿಂದ ಅವನನ್ನು ಸಾಕಿದವಳು ಅವಳೇ. ಮೀಸೆ ನರೆತರೂ ಅವಳಿಗೆ ಅವನು ಚಿಕ್ಕನೇ. ಸಭೆಯಲ್ಲಿ ಅವನು ಎಲ್ಲರಿಗೂ ಚಹಾ ಕೊಟ್ಟು, ಬಾಗಿಲ ಪಕ್ಕ ಗೋಡೆಗೊರಗಿ ಕೂರುತ್ತಿದ್ದ.

ಒಂದು ಭಾನುವಾರ ಕನ್ನಡಕದಂಗಡಿಯವರು ಕೇಳಿದರು. "ಒಂದೇ ಬೀದಿ, ಬೆಂಕಿ ಬಿದ್ರೆ ಫೈರ್ ಇಂಜಿನ್ ಬರೋಕೆ ಎರಡನೇ ದಾರಿ ಇಲ್ಲ. ಇದೇ ತಾನೆ ನಮ್ಮ ಗಟ್ಟಿ ಮಾತು? ಇದರಲ್ಲಿ ಎಲ್ಲಾದ್ರೂ ತೂತಿದೆಯಾ ನೋಡಿ."

"ಒಂದಿದೆ" ಎಂದಳು ಬ್ರೇಕಮ್ಮ. "ಈ ಮನೆ. ಇದರ ಹಿತ್ತಲು ದಾಟಿದ್ರೆ ದೊಡ್ಡ ರಸ್ತೆ, ಪಕ್ಕದ ಗೋಡೆ ದಾಟಿದ್ರೆ ಕಾರ್ಖಾನೆ. ಇದೊಂದು ಇಲ್ದೇ ಇದ್ರೆ ಅವರಿಗೆ ರಾಜಬೀದಿ. ನಮ್ಮ ಚಿಕ್ಕನ ಮನೆ ಅಂದ್ರೆ ನಮ್ಮ ಕೋಟೆ ಬಾಗಿಲು ಕಣ್ರೀ."

ಎಲ್ಲರೂ ನಕ್ಕರು. ಚಿಕ್ಕನೂ ನಕ್ಕ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ಜನರ ಅಹವಾಲು ಕೇಳುವ ದಿನ ಪುರಸಭೆಯ ಸಭಾಂಗಣ ತುಂಬಿತ್ತು. ಬ್ರೇಕಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಚಿಕ್ಕ. ತನ್ನ ಸರದಿ ಬಂದಾಗ ಅವಳು ಕಾಗದ ನೋಡದೆ ಮಾತಾಡಿದಳು. ಶಾಲೆ ಬಿಡುವ ಹೊತ್ತಿಗೆ ಬೀದಿ ಹೇಗಿರುತ್ತದೆ, ಆಂಬುಲೆನ್ಸ್ ಬಂದರೆ ಯಾವ ಗೇಟಿನ ಹತ್ತಿರ ಸಿಕ್ಕಿಕೊಳ್ಳುತ್ತದೆ, ಎಲ್ಲ ಹೇಳಿದಳು. ಕೊನೆಗೆ ತಮ್ಮನ ಹೆಂಡತಿ ಬಿದ್ದದ್ದನ್ನೂ ಹೇಳಿದಳು. ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಬಿತ್ತು.

ಅಧಿಕಾರಿ ಕನ್ನಡಕ ತೆಗೆದು ಕಂಪನಿಯ ಎಂಜಿನಿಯರ್ ಕಡೆ ತಿರುಗಿದರು. "ಇವರು ಹೇಳೋದ್ರಲ್ಲಿ ಅರ್ಥ ಇದೆ. ಎರಡನೇ ದಾರಿ ಇಲ್ದೆ ಇಷ್ಟು ಮನೆಗೆ ಅನುಮತಿ ಕೊಡೋದು ಕಷ್ಟ."

ಬ್ರೇಕಮ್ಮ ಚಿಕ್ಕನ ಮೊಣಕೈಯನ್ನು ಮೆಲ್ಲಗೆ ಹಿಂಡಿದಳು. ಗೆದ್ದೆವು ಎಂಬ ಅರ್ಥದಲ್ಲಿ.

ಎಂಜಿನಿಯರ್ ಎದ್ದು ಹೊಸ ನಕ್ಷೆಯೊಂದನ್ನು ಗೋಡೆಗೆ ಸಿಕ್ಕಿಸಿದ. ಕಾರ್ಖಾನೆಯ ಜಾಗದಿಂದ ಹಸಿರು ಪಟ್ಟಿಯೊಂದು ಹೊರಟು ದೊಡ್ಡ ರಸ್ತೆಗೆ ಸೇರುತ್ತಿತ್ತು. ಆ ಪಟ್ಟಿ ಹಾದ ಕಡೆ ಇರಬೇಕಾಗಿದ್ದ ಮನೆ ನಕ್ಷೆಯಲ್ಲಿ ಇರಲಿಲ್ಲ.

"ಎರಡನೇ ದಾರಿ ಇದೆ ಸಾರ್. ಈ ಜಾಗ ನಮಗೆ ಸಿಕ್ಕಿದೆ."

"ಮಾಲೀಕರು ಒಪ್ಪಿದ್ದಾರಾ?"

"ಒಪ್ಪಿದ್ದಾರೆ. ಇಲ್ಲೇ ಕೂತಿದ್ದಾರೆ."

ಬ್ರೇಕಮ್ಮನ ಕೈ ಇನ್ನೂ ತಮ್ಮನ ಮೊಣಕೈ ಮೇಲೆಯೇ ಇತ್ತು. ಅವನು ಎದ್ದು ನಿಂತಾಗ ಅದು ಜಾರಿ ಕುರ್ಚಿಯ ಮೇಲೆ ಬಿತ್ತು.

"ಹೌದು ಸಾರ್" ಎಂದ ಚಿಕ್ಕ. "ಒಪ್ಪಿದೀನಿ."

ಸಭಾಂಗಣದಲ್ಲಿ ಗದ್ದಲವೆದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದು ಯಾರೋ ಕೂಗಿದರು. ಬ್ರೇಕಮ್ಮನಿಗೆ ಅದಾವುದೂ ಸರಿಯಾಗಿ ಕೇಳಿಸಲಿಲ್ಲ. ಅಧಿಕಾರಿ ಬರೆದುಕೊಳ್ಳುತ್ತಿದ್ದುದು ಮಾತ್ರ ಕಾಣುತ್ತಿತ್ತು.

ಮಧ್ಯಾಹ್ನ ಅವಳು ತಮ್ಮನ ಮನೆಗೆ ಹೋದಳು. ಅವನು ಅಡುಗೆಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ತುತ್ತು ಎತ್ತಿರಲಿಲ್ಲ.

"ಯಾವಾಗ ಶುರುವಾಯ್ತು ಇದು?"

"ಲಾರಿ ವಿಷಯಕ್ಕೆ ಕಂಪನಿಯೋರು ಕ್ಷಮೆ ಕೇಳೋಕೆ ಬಂದಿದ್ರಲ್ಲಕ್ಕ. ಪರಿಚಯ ಆಗಿದ್ದು ಅವಾಗ."

"ಅವಳನ್ನ ಕೆಡವಿದೋರ ಜೊತೇಲೇ? ನಾವು ನಿನ್ನ ಹಜಾರದಲ್ಲಿ ಕೂತು ಬಾಯಿ ನೋವು ಮಾಡ್ಕೊಳ್ತಿದ್ದಾಗೆಲ್ಲ ನೀನು ಅವರ ಕಡೆ ಇದ್ಯಾ?"

"ಇಲ್ಲ. ಅವಾಗಿನ್ನೂ ಏನೂ ಇರಲಿಲ್ಲ." ಅವನು ತಟ್ಟೆಯನ್ನು ಸರಿಸಿದ. "ನೀನು ಕೋಟೆ ಬಾಗಿಲು ಅಂದ್ಯಲ್ಲ, ಆಮೇಲೆ. ಅಲ್ಲೀವರೆಗೆ ಅವರಿಗೆ ಈ ಮನೆ ಮೇಲೆ ಕಣ್ಣೇ ಇರಲಿಲ್ಲ. ನಾನೇ ಹೋಗಿ ಹೇಳ್ದೆ."

ಕಂಪನಿಯವರು ಬಂದು ಕಾಡಿಸಿ ಪೀಡಿಸಿ ಒಪ್ಪಿಸಿದ್ದಾರೆ ಎಂದೇ ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅವನನ್ನು ಬೈದು, ಅತ್ತು, ಕಡೆಗೆ ಕ್ಷಮಿಸಲು ಒಂದು ಎಡೆಯನ್ನು ಇಟ್ಟುಕೊಂಡೇ ಬಂದಿದ್ದಳು.

"ನನ್ನ ಬಾಯಿಂದ ಬಂದ ಮಾತನ್ನೇ ಒಯ್ದು ಮಾರ್ಕೊಂಡ್ಯಲ್ಲೋ ಚಿಕ್ಕ."

"ನನಗೆ ಇಲ್ಲಿಂದ ಹೋಗ್ಬೇಕಿತ್ತು ಅಕ್ಕ. ಲಾರಿ ಹಿಂದಕ್ಕೆ ಬರೋ ಸದ್ದು ಕೇಳಿದ್ರೆ ಅವಳ ಕೈಲಿರೋ ಪಾತ್ರೆ ಕೆಳಗೆ ಬೀಳುತ್ತೆ. ನೀನು ಪ್ರತಿ ಸಭೇಲೂ ಅವಳು ಬಿದ್ದಿದ್ದನ್ನ ಹೇಳ್ತಿದ್ದೆ. ಒಳಗೆ ಕೂತು ಕೇಳಿಸ್ಕೊಳ್ತಿದ್ಲು. ಒಂದಿನಾನಾದ್ರೂ, ಹೇಳ್ಲಾ ಅಂತ ಅವಳನ್ನ ಕೇಳಿದ್ಯಾ?"

"ಹೋಗ್ಬೇಕು ಅಂತ ನನಗೆ ಹೇಳಿದ್ರೆ ಆಗ್ತಿತ್ತು. ನಾನೇ ಮನೆ ಹುಡುಕಿ ಕೊಡ್ತಿದ್ದೆ. ಬೇರೆ ಯಾರಿಗಾದ್ರೂ ಮಾರೋಣ ಅಂತಿದ್ದೆ."

"ಹೇಳಿದ್ರೆ ನೀನು ಬ್ರೇಕ್ ಒತ್ತಿಬಿಡ್ತಿದ್ದೆ. ಚಿಕ್ಕಂದಿನಿಂದ ನೋಡಿಲ್ವಾ ನಾನು?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದ ಮಾತು. ಅವಳು ಹೊರಡಲು ತಿರುಗಿದಳು. ಬಾಗಿಲ ಬಳಿ ಅವನ ಹೆಂಡತಿ ಕೋಲೂರಿ ನಿಂತಿದ್ದಳು.

"ನಿನಗೆ ಗೊತ್ತಿತ್ತಾ?"

"ಹೋಗ್ತೀವಿ ಅಂತ ಗೊತ್ತಿತ್ತು ಅತ್ತಿಗೆ. ಹೀಗೆ ಅಂತ ಗೊತ್ತಿರಲಿಲ್ಲ." ಅವಳ ಕಣ್ಣು ತುಂಬಿತು. "ಕೂತ್ಕೊಳ್ಳಿ, ಒಂದು ತುತ್ತು ತಿಂದು ಹೋಗಿ."

ಬ್ರೇಕಮ್ಮ ಅವಳ ಭುಜ ಮುಟ್ಟಿದಳು, ಕೂರಲಿಲ್ಲ.

ಅನುಮತಿ ಸಿಕ್ಕಿತು. ಚಿಕ್ಕನ ಮನೆ ನೆಲಸಮವಾಯಿತು. ಹಿತ್ತಲಿದ್ದ ಕಡೆ ಟಾರು ಬಿತ್ತು. ಯಾರೂ ಯೋಚಿಸದಿದ್ದ ಒಂದು ಸಂಗತಿ ಆಮೇಲೆ ಗೊತ್ತಾಯಿತು: ಎರಡನೇ ದಾರಿ ಬಂದ ಮೇಲೆ ಬೀದಿಗೆ ಕೊನೆಯೇ ಇರಲಿಲ್ಲ. ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಎಲ್ಲೆಲ್ಲಿಯದೋ ಗಾಡಿಗಳು ಇತ್ತಲಿಂದ ನುಗ್ಗಿ ಅತ್ತ ಹೊರಬೀಳತೊಡಗಿದವು. ಮಕ್ಕಳು ಮನೆಯೊಳಗೆ ಸೇರಿದವು. ಕುರ್ಚಿಗಳೂ ಒಳಗೆ ಹೋದವು.

ಅದಕ್ಕಿಂತ ಹೆಚ್ಚಾಗಿ ಅವಳಿಗೆ ನಾಟಿದ್ದು ಬೇರೆ. ಅಂದು ಪುರಸಭೆಯಿಂದ ವಾಪಸು ಬರುವಾಗಲೇ ಯಾರೋ ಅಂದಿದ್ದರು, "ಒಡಹುಟ್ಟಿದೋನು ಮನೆ ಮಾರೋದು ಅಕ್ಕನಿಗೆ ಗೊತ್ತಿಲ್ದೆ ಇರುತ್ತಾ?" ಆ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಅವಳ ಮುಖಕ್ಕೆ ಯಾರೂ ಹೇಳಲಿಲ್ಲ. ಆದರೆ ಹಾಲಿನಂಗಡಿಯಲ್ಲಿ ಅವಳು ನಿಂತರೆ ಮಾತು ಹವಾಮಾನದ ಕಡೆ ತಿರುಗುತ್ತಿತ್ತು. ಕನ್ನಡಕದಂಗಡಿಯವರ ಸೊಸೆ ಕಾರು ಕಲಿಯಲು ಬೇರೆ ಕಡೆ ಸೇರಿದಳು.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬರುವಾಗ ಎದುರುಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡಿತು. ಬೀದಿಯವರ ಚಪ್ಪಲಿಗಳೇ. ಒಳಗಿಂದ ಮಾತು ಕೇಳಿಸುತ್ತಿತ್ತು. ಗಾಡಿಗಳ ವೇಗ ತಗ್ಗಿಸಲು ರಸ್ತೆಗೆ ಉಬ್ಬು ಹಾಕಿಸಬೇಕಂತೆ, ಪುರಸಭೆಗೆ ಹೋಗಬೇಕಂತೆ. ಅವಳಿಗೆ ಯಾರೂ ಹೇಳಿಕಳಿಸಿರಲಿಲ್ಲ.

ತನ್ನ ಗೇಟಿನ ಚಿಲಕದ ಮೇಲೆ ಕೈಯಿಟ್ಟವಳು ಹಿಂದಿರುಗಿ ರಸ್ತೆ ದಾಟಲು ನೋಡಿದಳು. ಗಾಡಿಗಳ ಸಾಲು ಕಡಿಯುವವರೆಗೆ ಕಾಯಬೇಕಾಯಿತು. ದಾಟಿ, ಚಪ್ಪಲಿ ಬಿಟ್ಟು ಒಳಗೆ ಹೋದಳು. ಮಾತು ನಿಂತಿತು. ಬಾ ಎಂದು ಯಾರೂ ಅನ್ನಲಿಲ್ಲ. ಹೋಗು ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಜಾಗವಿದ್ದ ಕಡೆ ಚಾಪೆಯ ಅಂಚಿನಲ್ಲಿ ಅವಳು ಕೂತಳು.

"ಉಬ್ಬು ಎಲ್ಲಿ ಹಾಕ್ಸೋದು ಅಂತ ತಾನೆ?" ಎಂದಳು. "ಮಾತಾಡಿ. ನಾನು ಕೇಳಿಸ್ಕೊಳ್ತೀನಿ."

ಕನ್ನಡಕದಂಗಡಿಯವರು ಗಂಟಲು ಸರಿಮಾಡಿಕೊಂಡು ಹೆಂಡತಿಯ ಮುಖ ನೋಡಿದರು. ಆಕೆ ಎದ್ದು, ಎಲ್ಲರಿಗೂ ನೀರು ತರುತ್ತೇನೆಂದು ಒಳಗೆ ಹೋದರು.